ಗಂಗೋತ್ರಿಯ 737 ಟಿಎಂಸಿ ಅಡಿ: ಹಿಮನದಿಯ ದಾಸ್ತಾನು, ಜಮಾ ಮತ್ತು ಖರ್ಚು

ಉತ್ತರಾಖಂಡದ ಗಂಗೋತ್ರಿ ಹಿಮನದಿಯಲ್ಲಿರುವ ಮಂಜುಗಡ್ಡೆಯ ಗಾತ್ರ 23.2 ಘನ ಕಿ.ಮೀ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಹವಾಮಾನ ಬದಲಾವಣೆ ಕೇಂದ್ರದ ಪ್ರತೀಕ್ ಗಂತಾಯತ್, ಅನಿಲ್ ಕುಲಕರ್ಣಿ ಮತ್ತು ಜೆ. ಶ್ರೀನಿವಾಸನ್ 2014ರಲ್ಲಿ ಪ್ರಕಟಿಸಿದ ಅಂದಾಜು ಇದು. ಒಂದು ಘನ ಮೀಟರ್ ಮಂಜುಗಡ್ಡೆ ಕರಗಿದರೆ ಸುಮಾರು 0.9 ಘನ ಮೀಟರ್ ನೀರಾಗುತ್ತದೆ. ಆ ಪ್ರಕಾರ ಗಂಗೋತ್ರಿಯಲ್ಲಿರುವುದು 20.9 ಘನ ಕಿ.ಮೀ. ನೀರು, ನಮ್ಮ ನೀರಾವರಿ ಇಲಾಖೆಯ ಅಳತೆಯಲ್ಲಿ ಸುಮಾರು 737 ಟಿಎಂಸಿ ಅಡಿ. ಟಿಎಂಸಿ ಅಡಿ ಎಂದರೆ ನೂರು ಕೋಟಿ ಘನ ಅಡಿ. ಈಗಿನ 519.6 ಮೀಟರ್ ಮಟ್ಟದಲ್ಲಿ ಆಲಮಟ್ಟಿ ಜಲಾಶಯ ಹಿಡಿಯುವುದು 123 ಟಿಎಂಸಿ ಅಡಿ. ಗಂಗೋತ್ರಿಯ ದಾಸ್ತಾನು ಅದರ ಆರು ಪಟ್ಟು.

ಕೃಷ್ಣಾ ಕಣಿವೆಯಲ್ಲಿ ಕರ್ನಾಟಕಕ್ಕೆ ಬಚಾವತ್ ನ್ಯಾಯಮಂಡಳಿ ನಿಗದಿಪಡಿಸಿದ ಮೂಲ ಪಾಲು 700 ಟಿಎಂಸಿ ಅಡಿ. ಸಂಖ್ಯೆಗಳು ಹತ್ತಿರವಿದ್ದರೂ ಇವೆರಡರ ಲೆಕ್ಕ ಬೇರೆ. 700 ಎಂಬುದು ಪ್ರತಿ ವರ್ಷ ಮುಂಗಾರು ತುಂಬಿಕೊಡುವ ವರಮಾನ. 737 ಎಂಬುದು ಶತಮಾನಗಳಲ್ಲಿ ಕೂಡಿಬಿದ್ದ ದಾಸ್ತಾನು. ಹಿಮನದಿಯ ವಿಧ, ಅದು ರೂಪುಗೊಳ್ಳುವ ರೀತಿ, ಅದರ ಚಲನೆ ಮೂರೂ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತವೆ: ದಾಸ್ತಾನಿಗೆ ವರ್ಷಕ್ಕೆ ಎಷ್ಟು ಜಮಾ ಆಗುತ್ತದೆ, ಎಷ್ಟು ಖರ್ಚಾಗುತ್ತದೆ?

ಕಳ್ಳಕವಟಗಿಯಿಂದ ನೋಡಿದಾಗ

ವಿಜಯಪುರ ಜಿಲ್ಲೆಯ ವಾರ್ಷಿಕ ವಾಡಿಕೆ ಮಳೆ 600 ಮಿ.ಮೀ.ಗಿಂತ ಕಡಿಮೆ. ಟಿಕೋಟಾ ತಾಲ್ಲೂಕಿನ ಕಳ್ಳಕವಟಗಿ ಮತ್ತು ಸುತ್ತಲಿನ ಊರುಗಳ ದ್ರಾಕ್ಷಿ ತೋಟಗಳು ಕೊಳವೆಬಾವಿ, ಕೃಷಿಹೊಂಡ ಮತ್ತು ಬೇಸಿಗೆಯಲ್ಲಿ ಟ್ಯಾಂಕರ್ ನೀರನ್ನು ನಂಬಿ ಬೆಳೆದವು. ಟಿಕೋಟಾ–ಬಬಲೇಶ್ವರ ಸೀಮೆಗೆ ಕೃಷ್ಣೆಯನ್ನು ಎತ್ತಿ ತರುವ ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆಯ ಪಾಲು 6.3 ಟಿಎಂಸಿ ಅಡಿ, ಗುರಿ 52,700 ಹೆಕ್ಟೇರ್, ವೆಚ್ಚ 3,500 ಕೋಟಿ ರೂಪಾಯಿಗೂ ಹೆಚ್ಚು. ಹೆಕ್ಟೇರಿಗೆ ಸುಮಾರು 6.6 ಲಕ್ಷ ರೂಪಾಯಿ ಬೀಳುತ್ತದೆ. ಆ ನೀರನ್ನು ಅಷ್ಟೂ ಜಮೀನಿನ ಮೇಲೆ ಸಮನಾಗಿ ಹರಡಿದರೆ 338 ಮಿ.ಮೀ. ಆಳ ನಿಲ್ಲುತ್ತದೆ, ಅಂದರೆ ವಾಡಿಕೆ ಮಳೆಯ ಅರ್ಧಕ್ಕಿಂತ ಹೆಚ್ಚು.

ನೀರನ್ನು ಎತ್ತುವುದಕ್ಕೂ ಲೆಕ್ಕವಿದೆ. ಒಂದು ಟಿಎಂಸಿ ಅಡಿಯ ತೂಕ 2.83 ಕೋಟಿ ಟನ್. ಅದನ್ನು 100 ಮೀಟರ್ ಮೇಲಕ್ಕೇರಿಸಲು, ಪಂಪಿನಲ್ಲಿ ಒಂದಿಷ್ಟೂ ನಷ್ಟವಿಲ್ಲವೆಂದು ಹಿಡಿದರೂ, 77 ಲಕ್ಷ ಯೂನಿಟ್ ವಿದ್ಯುತ್ ಬೇಕು. 6.3 ಟಿಎಂಸಿ ಅಡಿಗೆ ಪ್ರತಿ 100 ಮೀಟರಿಗೆ 4.9 ಕೋಟಿ ಯೂನಿಟ್. ಗಂಗೋತ್ರಿಯ ಮಂಜು ತನ್ನ ಅತಿ ತಗ್ಗಿನ ತುದಿಯಾದ ಗೋಮುಖದಲ್ಲೇ ಸುಮಾರು 4,000 ಮೀಟರ್ ಎತ್ತರದಲ್ಲಿದೆ. ಅಲ್ಲಿಗೆ ನೀರನ್ನು ಏರಿಸಿದ್ದು ಸಮುದ್ರದ ಮೇಲಿನ ಬಿಸಿಲು ಮತ್ತು ಗಾಳಿ. ಕೃಷ್ಣೆಗೆ ಈ ಅನುಕೂಲ ಇಲ್ಲ. ಮಹಾಬಳೇಶ್ವರದಲ್ಲಿ ಸುಮಾರು 1,337 ಮೀಟರ್ ಎತ್ತರದಲ್ಲಿ ಹುಟ್ಟುವ ಈ ನದಿಯ ಜಲಾನಯನದಲ್ಲಿ ಹಿಮನದಿಗಳ ಸಂಖ್ಯೆ ಸೊನ್ನೆ.

ಹಿಮ ಮಂಜುಗಡ್ಡೆಯಾಗುವ ಲೆಕ್ಕ

ಆಗಷ್ಟೇ ಬಿದ್ದ ಹಿಮದ ಸಾಂದ್ರತೆ ಘನ ಮೀಟರಿಗೆ 50ರಿಂದ 100 ಕೆ.ಜಿ. ಉಳಿದ ಜಾಗವೆಲ್ಲ ಗಾಳಿ. ಮೇಲೆ ಹೊಸ ಹಿಮ ಬಿದ್ದಂತೆ ಕೆಳಗಿನದು ಅದುಮಿಕೊಳ್ಳುತ್ತದೆ, ಹರಳುಗಳು ಗುಂಡಾಗಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಒಂದು ಬೇಸಿಗೆ ಕರಗದೆ ಉಳಿದ ಇಂಥ ಹಳೆಯ ಹಿಮಕ್ಕೆ ಫರ್ನ್ ಎಂದು ಹೆಸರು. ಸಾಂದ್ರತೆ 400ರಿಂದ 830 ಕೆ.ಜಿ. 830 ದಾಟಿದ ಮೇಲೆ ಗಾಳಿಯ ಓಣಿಗಳು ಮುಚ್ಚಿ, ಉಳಿದ ಗಾಳಿ ಗುಳ್ಳೆಗಳಾಗಿ ಸೆರೆಯಾಗುತ್ತದೆ. ಅಲ್ಲಿಂದ ಮುಂದಿನದು ಮಂಜುಗಡ್ಡೆ. ಗುಳ್ಳೆಯಿಲ್ಲದ ಶುದ್ಧ ಮಂಜುಗಡ್ಡೆಯ ಸಾಂದ್ರತೆ 917 ಕೆ.ಜಿ. ಅಂದರೆ ಬಿದ್ದಾಗಿದ್ದ ಹಿಮದ ಒಂಬತ್ತರಿಂದ ಹದಿನೆಂಟು ಪಟ್ಟು.

ವಿಜಯಪುರದ ಒಂದು ವರ್ಷದ ಮಳೆಯನ್ನು 600 ಮಿ.ಮೀ. ಎಂದು ಹಿಡಿದು, ಅದೆಲ್ಲ ಹಿಮವಾಗಿ ಬಿದ್ದಿತೆಂದು ಭಾವಿಸಿದರೆ ನೆಲದ ಮೇಲೆ ಕನಿಷ್ಠ 6 ಮೀಟರ್ ಹಿಮ ನಿಲ್ಲುತ್ತದೆ. ಅದು ಮಂಜುಗಡ್ಡೆಯಾದಾಗ ಉಳಿಯುವುದು 67 ಸೆಂ.ಮೀ. ತನ್ನ ಭಾರಕ್ಕೆ ತಾನೇ ಹರಿಯತೊಡಗಲು ಮಂಜಿನ ರಾಶಿ ಸುಮಾರು 30 ಮೀಟರ್ ದಪ್ಪವಾದರೂ ಇರಬೇಕು. ಒಂದು ಹನಿಯೂ ಕರಗದೆ ಉಳಿದರೆ ಅಷ್ಟು ದಪ್ಪಕ್ಕೆ 45 ವರ್ಷ ಬೇಕು. ಹಿಮನದಿ ಹುಟ್ಟಲು ಮಳೆಯ ಪ್ರಮಾಣಕ್ಕಿಂತ ಉಳಿತಾಯದ ಪ್ರಮಾಣ ಮುಖ್ಯವೆಂಬುದನ್ನು ಈ ಲೆಕ್ಕ ತೋರಿಸುತ್ತದೆ.

ಉಳಿತಾಯವನ್ನು ನಿರ್ಧರಿಸುವುದು ಎತ್ತರ. ಪ್ರತಿ 1,000 ಮೀಟರ್ ಏರಿದಂತೆ ಗಾಳಿಯ ಉಷ್ಣತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್; ಕರಾವಳಿಗಿಂತ ಅಲ್ಲಿ ಸುಮಾರು 12.5 ಡಿಗ್ರಿ ತಂಪು, ಹಿಮ ನಿಲ್ಲಲು ಅದು ಸಾಲದು. ಸಮಭಾಜಕ ವೃತ್ತದ ಪಕ್ಕದಲ್ಲೇ ಇರುವ ಕಿಲಿಮಂಜಾರೋದಲ್ಲಿ ಹಿಮನದಿ ಉಳಿದಿದ್ದು ಅದರ 5,895 ಮೀಟರ್ ಎತ್ತರದಿಂದ. ಅಲ್ಲಿಯೂ 1912ರಲ್ಲಿ ಸುಮಾರು 12 ಚ.ಕಿ.ಮೀ. ಇದ್ದ ಮಂಜು ಈಗ 1 ಚ.ಕಿ.ಮೀ. ಆಸುಪಾಸಿಗೆ ಬಂದಿದೆ.

ಹಿಮ ಮಂಜುಗಡ್ಡೆಯಾಗಲು ಹಿಡಿಯುವ ಕಾಲ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಅಲಾಸ್ಕಾ ಗಡಿಯ ಮೇಲಿನ ಸೀವರ್ಡ್ ಹಿಮನದಿಯಲ್ಲಿ 13 ಮೀಟರ್ ಆಳದಲ್ಲೇ, 3ರಿಂದ 5 ವರ್ಷಗಳಲ್ಲಿ ಮಂಜುಗಡ್ಡೆ ಸಿದ್ಧವಾಗುತ್ತದೆ. ಅಂಟಾರ್ಕ್ಟಿಕಾದ ವೊಸ್ತೋಕ್‌ನಲ್ಲಿ ಅದಕ್ಕೆ ಸುಮಾರು 95 ಮೀಟರ್ ಆಳ, 2,500 ವರ್ಷ ಬೇಕು. ಮೊದಲಿನ ಕಡೆ ಬೇಸಿಗೆಯಲ್ಲಿ ಕರಗಿದ ನೀರು ಕೆಳಗಿಳಿದು ಮತ್ತೆ ಹೆಪ್ಪುಗಟ್ಟಿ ಸಂದುಗಳನ್ನು ತುಂಬುತ್ತದೆ. ಎರಡನೆಯ ಕಡೆ ಕರಗುವಿಕೆಯೇ ಇಲ್ಲ, ಹಿಮಪಾತವೂ ಅತ್ಯಲ್ಪ.

ವಿಧಗಳು: ಸಂಖ್ಯೆ ಒಂದೆಡೆ, ಗಾತ್ರ ಇನ್ನೊಂದೆಡೆ

ಜಗತ್ತಿನಲ್ಲಿ 2.75 ಲಕ್ಷಕ್ಕೂ ಹೆಚ್ಚು ಹಿಮನದಿಗಳಿವೆ. ಒಟ್ಟು ವಿಸ್ತೀರ್ಣ ಸುಮಾರು 7 ಲಕ್ಷ ಚ.ಕಿ.ಮೀ., ಗಾತ್ರ 2019ರ ಒಂದು ಅಂದಾಜಿನಂತೆ 1.58 ಲಕ್ಷ ಘನ ಕಿ.ಮೀ. ಈ ಲೆಕ್ಕದಲ್ಲಿ ಹಿಮಹಾಸುಗಳು ಸೇರಿಲ್ಲ. 50,000 ಚ.ಕಿ.ಮೀ.ಗಿಂತ ದೊಡ್ಡದಾಗಿ ನೆಲವನ್ನು ಮುಚ್ಚಿರುವ ಮಂಜಿನ ರಾಶಿಗೆ ಹಿಮಹಾಸು ಎನ್ನುತ್ತಾರೆ. ಈಗ ಇರುವುದು ಎರಡೇ: ಸುಮಾರು 1.4 ಕೋಟಿ ಚ.ಕಿ.ಮೀ. ವಿಸ್ತಾರದ ಅಂಟಾರ್ಕ್ಟಿಕಾ ಮತ್ತು 17 ಲಕ್ಷ ಚ.ಕಿ.ಮೀ. ವಿಸ್ತಾರದ ಗ್ರೀನ್‌ಲ್ಯಾಂಡ್. ಇವೆರಡರ ಗಾತ್ರ ಸುಮಾರು 3 ಕೋಟಿ ಘನ ಕಿ.ಮೀ. ಆದ್ದರಿಂದ 2.75 ಲಕ್ಷ ಹಿಮನದಿಗಳು ಸೇರಿ ಹೊಂದಿರುವ ಮಂಜು ಭೂಮಿಯ ಒಟ್ಟು ಮಂಜಿನ ಶೇ 0.5ರಷ್ಟು ಮಾತ್ರ.

50,000 ಚ.ಕಿ.ಮೀ.ಗಿಂತ ಚಿಕ್ಕದಾಗಿದ್ದು ಬೆಟ್ಟಗಳನ್ನೇ ಮುಚ್ಚಿ ನಾಲ್ಕೂ ಕಡೆ ಹರಿಯುವುದು ಹಿಮಟೋಪಿ. ಐಸ್‌ಲ್ಯಾಂಡಿನ ವಾಟ್ನಯೋಕುಲ್ ಸುಮಾರು 7,700 ಚ.ಕಿ.ಮೀ. ಇರುವ ಹಿಮಟೋಪಿ. ಹಿಮಹಾಸು ಮತ್ತು ಹಿಮಟೋಪಿಗಳಲ್ಲಿ ಮಂಜಿನ ಮೇಲ್ಮೈಯ ಇಳಿಜಾರು ಹರಿವಿನ ದಿಕ್ಕನ್ನು ತೀರ್ಮಾನಿಸುತ್ತದೆ. ಉಳಿದ ವಿಧಗಳಲ್ಲಿ ಆ ಕೆಲಸ ಬೆಟ್ಟದ್ದು.

ಬೆಟ್ಟ ದಿಕ್ಕು ತೋರುವ ಹಿಮನದಿಗಳಲ್ಲಿ ಮೊದಲನೆಯದು ಕಣಿವೆ ಹಿಮನದಿ. ಸುಮಾರು 30 ಕಿ.ಮೀ. ಉದ್ದದ ಗಂಗೋತ್ರಿ, 76 ಕಿ.ಮೀ. ಉದ್ದದ ಸಿಯಾಚಿನ್ ಈ ಬಗೆಯವು. ಸಿಯಾಚಿನ್ 5,753 ಮೀಟರ್ ಎತ್ತರದ ಇಂದಿರಾ ಕಣಿವೆದಾರಿಯಿಂದ 3,620 ಮೀಟರಿಗೆ ಇಳಿಯುತ್ತದೆ: 76 ಕಿ.ಮೀ.ಗೆ 2,133 ಮೀಟರ್, ಅಂದರೆ ಪ್ರತಿ ಕಿ.ಮೀ.ಗೆ 28 ಮೀಟರ್ ಇಳಿಜಾರು. ಬೆಟ್ಟದ ಬಟ್ಟಲಿನಂಥ ಗುಳಿಯಲ್ಲೇ ಕೂತು ಹೊರಬಾರದ್ದು ಗುಳಿ ಹಿಮನದಿ. ಕಣಿವೆಯ ಗೋಡೆಯ ಮೇಲೆ ಅರ್ಧಕ್ಕೇ ನಿಂತಿರುವುದು ತೂಗು ಹಿಮನದಿ. ಕಣಿವೆ ದಾಟಿ ಬಯಲಿಗೆ ಬಂದು ಹರಡಿಕೊಳ್ಳುವುದು ತಪ್ಪಲಿನ ಹಿಮನದಿ. ಅಲಾಸ್ಕಾದ ಮಲಸ್ಪೀನಾ ಸುಮಾರು 3,900 ಚ.ಕಿ.ಮೀ. ಹರಡಿದೆ. ಸಮುದ್ರಕ್ಕೇ ತುದಿ ಚಾಚಿ ತುಂಡುತುಂಡಾಗಿ ಒಡೆಯುವುದು ಕಡಲಂಚಿನ ಹಿಮನದಿ. ಅಲಾಸ್ಕಾದ 122 ಕಿ.ಮೀ. ಉದ್ದದ ಹಬರ್ಡ್ ಇದಕ್ಕೆ ಉದಾಹರಣೆ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಪಟ್ಟಿಯಲ್ಲಿ ಭಾರತದ ಹಿಮಾಲಯದ ಹಿಮನದಿಗಳು 9,575. ನೆರೆ ದೇಶಗಳನ್ನೂ ಸೇರಿಸಿ ಸಿಂಧು, ಗಂಗಾ, ಬ್ರಹ್ಮಪುತ್ರ ಜಲಾನಯನಗಳನ್ನು ಉಪಗ್ರಹದಿಂದ ಎಣಿಸಿದ ಇಸ್ರೋದ ಲೆಕ್ಕದಲ್ಲಿ 34,919. ವಿಸ್ತೀರ್ಣ 75,779 ಚ.ಕಿ.ಮೀ. ಸರಾಸರಿ ಒಂದಕ್ಕೆ 2.2 ಚ.ಕಿ.ಮೀ. ಗಂಗೋತ್ರಿ, ಸಿಯಾಚಿನ್‌ಗಳಂಥವು ಅಪವಾದ. ಪಟ್ಟಿಯ ಬಹುಪಾಲು ಗುಳಿಯಲ್ಲಿರುವ, ತೂಗಿ ನಿಂತಿರುವ ಚಿಕ್ಕ ಹಿಮನದಿಗಳದ್ದು.

ಉಷ್ಣತೆಯ ಆಧಾರದ ಮೇಲೂ ವಿಂಗಡಣೆ ಇದೆ. ತಳದವರೆಗೂ ಮಂಜು ಕರಗುವ ಬಿಂದುವಿನಲ್ಲೇ ಇದ್ದರೆ ಬೆಚ್ಚನೆಯ ಹಿಮನದಿ, ತಳವೂ ಸೊನ್ನೆಗಿಂತ ಕೆಳಗಿದ್ದು ಬಂಡೆಗೆ ಅಂಟಿಕೊಂಡಿದ್ದರೆ ತಣ್ಣನೆಯ ಹಿಮನದಿ, ಎರಡೂ ಭಾಗ ಇದ್ದರೆ ಮಿಶ್ರ. ಚಲನೆಯ ವೇಗಕ್ಕೆ ಈ ವಿಂಗಡಣೆ ಮುಖ್ಯ. ತಳದಲ್ಲಿ ನೀರಿದ್ದರೆ ಮಾತ್ರ ಮಂಜು ಜಾರಬಲ್ಲದು.

ಚಲನೆ: ದಪ್ಪ ಎರಡು ಪಟ್ಟಾದರೆ ವೇಗ 16 ಪಟ್ಟು

ಹಿಮನದಿ ಎರಡು ರೀತಿಯಲ್ಲಿ ಚಲಿಸುತ್ತದೆ. ಮೊದಲನೆಯದು ಒಳಗಿನ ಹರಿವು: ಮೇಲಿನ ಭಾರಕ್ಕೆ ಮಂಜಿನ ಹರಳುಗಳು ಒಂದರ ಮೇಲೊಂದು ಸರಿಯುತ್ತವೆ. ಒತ್ತಡ ಎರಡು ಪಟ್ಟಾದರೆ ಸರಿಯುವ ದರ ಸುಮಾರು ಎಂಟು ಪಟ್ಟಾಗುತ್ತದೆ ಎಂದು ಬ್ರಿಟಿಷ್ ವಿಜ್ಞಾನಿ ಜಾನ್ ಗ್ಲೆನ್ 1950ರ ದಶಕದಲ್ಲಿ ಪ್ರಯೋಗಾಲಯದಲ್ಲಿ ಕಂಡುಕೊಂಡರು. ಈ ನಿಯಮವನ್ನು ತಳದಿಂದ ಮೇಲ್ಮೈವರೆಗೆ ಕೂಡುತ್ತ ಹೋದರೆ, ಇಳಿಜಾರು ಅಷ್ಟೇ ಇದ್ದು ದಪ್ಪ ಎರಡು ಪಟ್ಟಾದಾಗ ಮೇಲ್ಮೈ ವೇಗ 16 ಪಟ್ಟಾಗುತ್ತದೆ. ದಪ್ಪ ಅಷ್ಟೇ ಇದ್ದು ಇಳಿಜಾರು ಎರಡು ಪಟ್ಟಾದರೆ ವೇಗ 8 ಪಟ್ಟು.

ಬೆಂಗಳೂರಿನ ತಂಡ ಇದೇ ನಿಯಮವನ್ನು ತಿರುಗಿಸಿ ಬಳಸಿತು. ಗಂಗೋತ್ರಿಯ ಮೇಲೆ ಕೊರೆಯುವ ಯಂತ್ರ ಒಯ್ಯುವ ಬದಲು, ಲ್ಯಾಂಡ್‌ಸ್ಯಾಟ್ ಉಪಗ್ರಹದ ಎರಡು ಕಾಲದ ಚಿತ್ರಗಳಲ್ಲಿ ಬಂಡೆ, ಬಿರುಕುಗಳು ಎಷ್ಟು ಸರಿದಿವೆ ಎಂದು ಅಳೆಯಿತು. ಮೇಲ್ಮೈ ವೇಗದ ಶೇ 25ರಷ್ಟು ತಳದ ಜಾರುವಿಕೆ ಎಂದು ಹಿಡಿದು, ಉಳಿದದ್ದರಿಂದ ದಪ್ಪವನ್ನು ಲೆಕ್ಕ ಹಾಕಿತು. ದಪ್ಪ ಸಿಗುವುದು ವೇಗದ ನಾಲ್ಕನೇ ಮೂಲದಿಂದ. ಹಾಗಾಗಿ ವೇಗದಲ್ಲಿ ಎರಡು ಪಟ್ಟು ತಪ್ಪಾದರೂ ದಪ್ಪದಲ್ಲಿ ಆಗುವ ತಪ್ಪು ಶೇ 19 ಮಾತ್ರ. ಹೀಗಿದ್ದೂ ಒಟ್ಟು ಗಾತ್ರದ ಅನಿಶ್ಚಿತತೆ 4.2 ಘನ ಕಿ.ಮೀ.; ನೀರಿನ ಲೆಕ್ಕದಲ್ಲಿ 133 ಟಿಎಂಸಿ ಅಡಿ, ಒಂದು ಆಲಮಟ್ಟಿಗಿಂತ ಹೆಚ್ಚು.

ಗಂಗೋತ್ರಿಯ ಮೇಲ್ಭಾಗದಲ್ಲಿ ವೇಗ ವರ್ಷಕ್ಕೆ 14ರಿಂದ 85 ಮೀಟರ್, ತುದಿಯ ಬಳಿ 20ರಿಂದ 30 ಮೀಟರ್. ಮಂಜಿನ ದಪ್ಪ ಮೇಲೆ 540 ಮೀಟರ್, ತುದಿಯಲ್ಲಿ 50ರಿಂದ 60 ಮೀಟರ್. ವಿಜಯಪುರದ ಗೋಳಗುಮ್ಮಟದ ಎತ್ತರ ಸುಮಾರು 51 ಮೀಟರ್: ತುದಿಯಲ್ಲಿ ಒಂದು ಗೋಳಗುಮ್ಮಟ ಮುಳುಗುವಷ್ಟು, ಮೇಲೆ ಹತ್ತು ಗೋಳಗುಮ್ಮಟಗಳನ್ನು ಒಂದರ ಮೇಲೊಂದು ಇಟ್ಟರೂ ಮುಳುಗುವಷ್ಟು ಮಂಜಿದೆ. ವರ್ಷಕ್ಕೆ 40 ಮೀಟರ್ ಸರಾಸರಿ ವೇಗ ಹಿಡಿದರೆ, ಮೇಲಿನ ತುದಿಯಲ್ಲಿ ಬಿದ್ದ ಹಿಮ 30 ಕಿ.ಮೀ. ಇಳಿದು ಗೋಮುಖಕ್ಕೆ ಬರಲು 750 ವರ್ಷ. ಆ ಲೆಕ್ಕದಲ್ಲಿ ಇಂದು ಅಲ್ಲಿ ಕರಗುತ್ತಿರುವುದು ವಿಜಯನಗರ ಸಾಮ್ರಾಜ್ಯಕ್ಕೂ ಮೊದಲು ಬಿದ್ದ ಹಿಮ.

ಎರಡನೆಯ ರೀತಿ ತಳದ ಜಾರುವಿಕೆ. ಅದು ಹೆಚ್ಚಿದಷ್ಟೂ ವೇಗ ಮೀಟರುಗಳಿಂದ ಕಿಲೋಮೀಟರುಗಳಿಗೆ ಏರುತ್ತದೆ. ಗ್ರೀನ್‌ಲ್ಯಾಂಡಿನ ಯಾಕೊಬ್ಸ್‌ಹಾವ್ನ್ 2012ರ ಬೇಸಿಗೆಯಲ್ಲಿ ದಿನಕ್ಕೆ 46 ಮೀಟರ್ ಓಡಿತು. ವರ್ಷದ ದರಕ್ಕೆ ತಂದರೆ ಸುಮಾರು 17 ಕಿ.ಮೀ. ಕೆಲವು ಹಿಮನದಿಗಳು ದಶಕಗಳ ಕಾಲ ನಿಧಾನವಾಗಿದ್ದು, ತಳದಲ್ಲಿ ನೀರಿನ ಒತ್ತಡ ಏರಿದಾಗ ಒಮ್ಮೆಲೇ ಮುನ್ನುಗ್ಗುತ್ತವೆ. ಕಾರಕೋರಂನ ಕುಟಿಯಾ ಹಿಮನದಿ 1953ರಲ್ಲಿ ಮೂರು ತಿಂಗಳಲ್ಲಿ 12 ಕಿ.ಮೀ. ಮುಂದೆ ಬಂತು, ದಿನಕ್ಕೆ 100 ಮೀಟರಿಗೂ ಹೆಚ್ಚು.

ಹಿಮನದಿಯ ಚಲನೆಯನ್ನು ಹಿಮಕುಸಿತದೊಂದಿಗೆ ಬೆರೆಸಬಾರದು. 2016ರ ಫೆಬ್ರುವರಿ 3ರಂದು ಸಿಯಾಚಿನ್ ಪ್ರದೇಶದಲ್ಲಿ 19,600 ಅಡಿ (ಸುಮಾರು 5,970 ಮೀಟರ್) ಎತ್ತರದ ಠಾಣೆಯ ಮೇಲೆ ಬಿದ್ದದ್ದು ಕಡಿದಾದ ಗೋಡೆಯಿಂದ ಕಳಚಿದ ಮಂಜಿನ ರಾಶಿ. ಮದ್ರಾಸ್ ರೆಜಿಮೆಂಟಿನ 10 ಯೋಧರು ಅದರಡಿ ಸಿಲುಕಿದರು. ಅವರಲ್ಲಿ ಮೂವರು ಕರ್ನಾಟಕದವರು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ನಂತರ ಜೀವಂತ ಸಿಕ್ಕು, ಫೆಬ್ರುವರಿ 11ರಂದು ದೆಹಲಿಯಲ್ಲಿ ನಿಧನರಾದರು. ಹಿಮಕುಸಿತದ ವೇಗವನ್ನು ಗಂಟೆಗೆ ಕಿಲೋಮೀಟರುಗಳಲ್ಲಿ ಅಳೆಯುತ್ತಾರೆ, ಹಿಮನದಿಯದನ್ನು ಸಾಮಾನ್ಯವಾಗಿ ವರ್ಷಕ್ಕೆ ಮೀಟರುಗಳಲ್ಲಿ.

ಜಮಾ–ಖರ್ಚು: ಛೋಟಾ ಶಿಗ್ರಿಯ ಬಿದಿರು ಗಳಗಳು

ಪ್ರತಿ ಹಿಮನದಿಯ ಮೇಲೂ ಒಂದು ಗಡಿ ಇದೆ. ಅದರ ಮೇಲಕ್ಕೆ ವರ್ಷದ ಹಿಮ ಕರಗುವುದಕ್ಕಿಂತ ಹೆಚ್ಚು ಬೀಳುತ್ತದೆ, ಕೆಳಕ್ಕೆ ಬೀಳುವುದಕ್ಕಿಂತ ಹೆಚ್ಚು ಕರಗುತ್ತದೆ. ಹಿಮನದಿಯ ಚಲನೆ ಮಾಡುವ ಕೆಲಸ ಮೇಲಿನ ಜಮೆಯನ್ನು ಕೆಳಗಿನ ಖರ್ಚಿಗೆ ಒಯ್ಯುವುದು. ವರ್ಷದ ಕೊನೆಗೆ ಜಮೆಯಿಂದ ಖರ್ಚು ಕಳೆದು ಉಳಿಯುವ ಮೊತ್ತಕ್ಕೆ ದ್ರವ್ಯರಾಶಿ ಸಮತೋಲ ಎಂದು ಹೆಸರು. ಅದನ್ನು ನೀರಿನ ಆಳಕ್ಕೆ ಪರಿವರ್ತಿಸಿ ಮೀಟರುಗಳಲ್ಲಿ ಹೇಳುತ್ತಾರೆ.

ಹಿಮಾಚಲ ಪ್ರದೇಶದ ಲಾಹೌಲ್‌ನಲ್ಲಿರುವ ಛೋಟಾ ಶಿಗ್ರಿಯಲ್ಲಿ 2002ರಿಂದ ಈ ಲೆಕ್ಕ ನಡೆಯುತ್ತಿದೆ. ಉದ್ದ ಸುಮಾರು 9 ಕಿ.ಮೀ., ವಿಸ್ತೀರ್ಣ 15.5 ಚ.ಕಿ.ಮೀ. ವಿಧಾನ ಸರಳ. ಹಬೆ ಯಂತ್ರದಿಂದ ಮಂಜಿನಲ್ಲಿ ರಂಧ್ರ ಕೊರೆದು ಬಿದಿರು ಗಳ ಇಳಿಸುತ್ತಾರೆ. ಮುಂದಿನ ಶರತ್ಕಾಲದಲ್ಲಿ ಬಂದು, ಗಳ ಮಂಜಿನಿಂದ ಎಷ್ಟು ಹೊರಬಿದ್ದಿದೆ ಎಂದು ಅಳೆಯುತ್ತಾರೆ. 2 ಮೀಟರ್ ಹೊರಬಿದ್ದಿದ್ದರೆ, 0.9ರಿಂದ ಗುಣಿಸಿ, ಆ ಜಾಗದ ಖರ್ಚು 1.8 ಮೀಟರ್ ನೀರು ಎಂದು ಬರೆದುಕೊಳ್ಳುತ್ತಾರೆ. ಗಡಿಯ ಮೇಲ್ಗಡೆ ಗುಂಡಿ ತೋಡಿ, ಹಿಂದಿನ ಬೇಸಿಗೆಯ ಕೊಳೆಯ ಪದರ ಸಿಗುವವರೆಗಿನ ಹಿಮದ ದಪ್ಪ ಮತ್ತು ಸಾಂದ್ರತೆಯಿಂದ ಜಮೆ ಲೆಕ್ಕ ಹಾಕುತ್ತಾರೆ.

2002ರಿಂದ 2014ರವರೆಗೆ ಛೋಟಾ ಶಿಗ್ರಿಯ ಸರಾಸರಿ ಸಮತೋಲ ವರ್ಷಕ್ಕೆ ಋಣ 0.56 ಮೀಟರ್. 15.5 ಚ.ಕಿ.ಮೀ.ಗೆ ಗುಣಿಸಿದರೆ ವರ್ಷಕ್ಕೆ 87 ಲಕ್ಷ ಘನ ಮೀಟರ್, ಅಥವಾ 0.31 ಟಿಎಂಸಿ ಅಡಿ. 12 ವರ್ಷಗಳಲ್ಲಿ 3.7 ಟಿಎಂಸಿ ಅಡಿ, ತುಬಚಿ–ಬಬಲೇಶ್ವರ ಯೋಜನೆಯ ವಾರ್ಷಿಕ ಪಾಲಿನ ಶೇ 58ರಷ್ಟು. ಇದು ಹರಿದ ನೀರಿನ ಮೊತ್ತವಲ್ಲ, ದಾಸ್ತಾನಿನಿಂದ ತೆಗೆದು ಹರಿಸಿದ ಹೆಚ್ಚುವರಿ. ಆ ವರ್ಷಗಳಲ್ಲಿ ಕೆಳಗಿನ ಹೊಳೆಗೆ ನೀರು ಹೆಚ್ಚು ಬಂದಿರುತ್ತದೆ. ಹೊಳೆ ತುಂಬಿದೆ ಎಂಬುದು ಹಿಮನದಿ ಚೆನ್ನಾಗಿದೆ ಎಂಬುದಕ್ಕೆ ಪುರಾವೆ ಆಗದು.

ಕರಗುವಿಕೆ ಶಾಖದ ಖರ್ಚು. ಒಂದು ಘನ ಮೀಟರ್ ಮಂಜುಗಡ್ಡೆ ಕರಗಲು 85 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಬೇಕು. ಹೊಸ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನ ಶೇ 80ರಿಂದ 90ನ್ನು ಹಿಂದಕ್ಕೆ ಕಳಿಸುತ್ತದೆ, ಹಿಮ ಹೋಗಿ ಬರಿ ಮಂಜುಗಡ್ಡೆ ಕಂಡರೆ ಹಿಂದಕ್ಕೆ ಹೋಗುವುದು ಶೇ 30ರಿಂದ 40. ಹೀಗಾಗಿ ಬೇಸಿಗೆಯ ನಡುವೆ ಒಮ್ಮೆ ಹಿಮ ಬಿದ್ದರೂ ಹಲವು ದಿನಗಳ ಖರ್ಚು ಉಳಿಯುತ್ತದೆ. ಮಂಜಿನ ಮೇಲಿನ ಕಲ್ಲುಮಣ್ಣು ಎರಡೂ ಕೆಲಸ ಮಾಡುತ್ತದೆ: ತೆಳ್ಳಗಿದ್ದರೆ ಬಿಸಿಲು ಹೀರಿ ಕರಗಿಸುತ್ತದೆ, ಕೆಲವು ಸೆಂ.ಮೀ. ದಪ್ಪವಾದರೆ ಹೊದಿಕೆಯಾಗಿ ಶಾಖವನ್ನು ತಡೆಯುತ್ತದೆ.

ತುದಿಯ ಲೆಕ್ಕ ಸಾಲದು

ಗಂಗೋತ್ರಿಯ ತುದಿ 1936ರಿಂದ 1996ರವರೆಗೆ 1,147 ಮೀಟರ್ ಹಿಂದೆ ಸರಿಯಿತು, ವರ್ಷಕ್ಕೆ ಸರಾಸರಿ 19 ಮೀಟರ್. ಕೊನೆಯ 25 ವರ್ಷಗಳ ಪಾಲೇ ಸುಮಾರು 850 ಮೀಟರ್, ವರ್ಷಕ್ಕೆ 34. ಅದೇ ಜಾಗಕ್ಕೆ ಮಂಜು ವರ್ಷಕ್ಕೆ 20ರಿಂದ 30 ಮೀಟರ್ ಮುಂದೆ ಬರುತ್ತಿದೆ. ಮಂಜು ಮುಂದಕ್ಕೆ ಹರಿಯುತ್ತಿದ್ದರೂ ತುದಿ ಹಿಂದಕ್ಕೆ ಹೋಗಿದೆ ಎಂದರೆ, 19 ಮೀಟರಿನ ಸರಾಸರಿ ಹಿಡಿದರೂ ಕರಗುವಿಕೆ ವರ್ಷಕ್ಕೆ 40ರಿಂದ 50 ಮೀಟರಿನಷ್ಟು ಮಂಜನ್ನು ತಿನ್ನುತ್ತಿದೆ.

ತುದಿಯನ್ನೇ ನೋಡಿದರೆ ಲೆಕ್ಕ ದಾರಿ ತಪ್ಪುವುದೂ ಉಂಟು. ಇಸ್ರೋದ ಅಹಮದಾಬಾದ್ ಕೇಂದ್ರ 2,018 ಹಿಮನದಿಗಳನ್ನು 2000–01 ಮತ್ತು 2010–11ರ ನಡುವೆ ಹೋಲಿಸಿದಾಗ 1,752 (ಶೇ 86.8) ಸ್ಥಿರ, 248 (ಶೇ 12.3) ಹಿಂದೆ ಸರಿದವು, 18 (ಶೇ 0.9) ಮುಂದೆ ಬಂದವು ಎಂದು ಕಂಡಿತು. 2007ರಲ್ಲಿ ಕುಲಕರ್ಣಿ ಮತ್ತು ಸಂಗಡಿಗರು ಚಿನಾಬ್, ಪಾರ್ವತಿ, ಬಾಸ್ಪಾ ಜಲಾನಯನಗಳ 466 ಹಿಮನದಿಗಳ ವಿಸ್ತೀರ್ಣ 1962ರ 2,077 ಚ.ಕಿ.ಮೀ.ನಿಂದ 1,628ಕ್ಕೆ, ಅಂದರೆ ಶೇ 21ಕ್ಕೂ ಹೆಚ್ಚು ಕುಗ್ಗಿದೆ ಎಂದಿದ್ದರು. ಒಂದು 10 ವರ್ಷದ ಲೆಕ್ಕ, ಇನ್ನೊಂದು ಸುಮಾರು 40 ವರ್ಷದ್ದು, ಪ್ರದೇಶವೂ ಬೇರೆ. ಎರಡೂ ಅಳೆದದ್ದು ಉದ್ದ ಮತ್ತು ವಿಸ್ತೀರ್ಣವನ್ನು. ಛೋಟಾ ಶಿಗ್ರಿಯಂತೆ ವರ್ಷಕ್ಕೆ ಅರ್ಧ ಮೀಟರಿನ ಲೆಕ್ಕದಲ್ಲಿ ತೆಳ್ಳಗಾಗುತ್ತಿರುವ ಹಿಮನದಿಯ ತುದಿ, ಕಲ್ಲುಮಣ್ಣಿನ ಹೊದಿಕೆಯಡಿ, ಹತ್ತು ವರ್ಷ ಇದ್ದಲ್ಲೇ ಇರಬಹುದು. ದಾಸ್ತಾನಿನ ನಷ್ಟ ಮೊದಲು ಕಾಣುವುದು ದಪ್ಪದಲ್ಲಿ.

ದಪ್ಪ ಇಳಿದರೆ ವೇಗ ಇಳಿಯಲೇಬೇಕು. ದಪ್ಪ ಶೇ 10 ಕಡಿಮೆಯಾದರೆ, ಮೇಲಿನ ನಿಯಮದಂತೆ ಒಳಹರಿವಿನ ವೇಗ ಶೇ 34 ಕುಸಿಯುತ್ತದೆ. 2019ರಲ್ಲಿ ಪ್ರಕಟವಾದ, ಸುಮಾರು 20 ಲಕ್ಷ ಜೋಡಿ ಉಪಗ್ರಹ ಚಿತ್ರಗಳ ಅಧ್ಯಯನ ಇದನ್ನೇ ಕಂಡಿತು: ಏಷ್ಯಾದ ಎತ್ತರದ ಪರ್ವತಗಳ 11 ವಲಯಗಳಲ್ಲಿ 9ರಲ್ಲಿ ಹಿಮನದಿಗಳು ನಿಧಾನವಾಗಿವೆ. ಮಂಜು ಸ್ಥಿರವಾಗಿರುವ ಅಥವಾ ದಪ್ಪವಾಗಿರುವ ಕಾರಕೋರಂ ಮತ್ತು ಪಶ್ಚಿಮ ಕುನ್ಲುನ್‌ನಲ್ಲಿ ವೇಗ ತುಸು ಹೆಚ್ಚಿದೆ. ವೇಗ ಇಳಿದರೆ ಕೆಳಭಾಗಕ್ಕೆ ಬರುವ ಮಂಜು ಕಡಿಮೆಯಾಗುತ್ತದೆ, ತುದಿ ಇನ್ನಷ್ಟು ಬೇಗ ಹಿಂದೆ ಸರಿಯುತ್ತದೆ.

ನದಿಗೆ ಎಷ್ಟು ಪಾಲು

ಹಿಮನದಿಯ ನೀರಿನ ಪಾಲು ನದಿಯಿಂದ ನದಿಗೆ ಬೇರೆ. 2014ರ ಒಂದು ಅಧ್ಯಯನದ ಪ್ರಕಾರ ಮೇಲಿನ ಸಿಂಧೂ ಕಣಿವೆಯ ಹರಿವಿನಲ್ಲಿ ಹಿಮನದಿಯ ಕರಗುವಿಕೆ ಶೇ 40.6, ಮೇಲಿನ ಬ್ರಹ್ಮಪುತ್ರದಲ್ಲಿ ಶೇ 15.9, ಮೇಲಿನ ಗಂಗೆಯಲ್ಲಿ ಶೇ 11.5. ಗಂಗೆಯ ಮೇಲಿನ ಕಣಿವೆಯಲ್ಲೂ ಮಳೆಯ ಪಾಲು ಶೇ 66. ಕೃಷ್ಣೆಯಲ್ಲಿ ಹಿಮನದಿಯ ಪಾಲು ಶೇ 0.

ಜಗತ್ತಿನ ಹಿಮನದಿಗಳು 2000ರಿಂದ 2023ರವರೆಗೆ ವರ್ಷಕ್ಕೆ ಸರಾಸರಿ 273 ಶತಕೋಟಿ ಟನ್ ಮಂಜು ಕಳೆದುಕೊಂಡವು. ಇದು ವರ್ಷಕ್ಕೆ 9,640 ಟಿಎಂಸಿ ಅಡಿ, 78 ಆಲಮಟ್ಟಿ. ಮೊದಲ 12 ವರ್ಷಗಳಲ್ಲಿ ದರ 231, ನಂತರದ 12 ವರ್ಷಗಳಲ್ಲಿ 314 ಶತಕೋಟಿ ಟನ್: ಶೇ 36ರ ಏರಿಕೆ. ಸಮುದ್ರಮಟ್ಟ 1 ಮಿ.ಮೀ. ಏರಲು ಸುಮಾರು 362 ಶತಕೋಟಿ ಟನ್ ನೀರು ಸಾಕು. ಆದ್ದರಿಂದ ಹಿಮನದಿಗಳಿಂದಲೇ ವರ್ಷಕ್ಕೆ 0.75 ಮಿ.ಮೀ., ಈ ಅವಧಿಯಲ್ಲಿ ಒಟ್ಟು 18 ಮಿ.ಮೀ. ಏರಿಕೆಯಾಗಿದೆ. ಹಿಮನದಿಯ ಒಂದು ಹನಿಯೂ ಕರ್ನಾಟಕದ ನದಿಗಳಿಗೆ ಬರದಿದ್ದರೂ, 320 ಕಿ.ಮೀ. ಕರಾವಳಿಯ ಮೂಲಕ ಲೆಕ್ಕ ಇಲ್ಲಿಗೂ ಬರುತ್ತದೆ.

ಹಿಂದೂಕುಷ್–ಹಿಮಾಲಯದಲ್ಲಿ 2011–2020ರ ದಶಕದ ಮಂಜಿನ ನಷ್ಟ ಹಿಂದಿನ ದಶಕಕ್ಕಿಂತ ಶೇ 65ರಷ್ಟು ವೇಗವಾಗಿತ್ತು ಎಂದು ಕಠ್ಮಂಡುವಿನ ಐಸಿಮಾಡ್ ಸಂಸ್ಥೆ 2023ರಲ್ಲಿ ವರದಿ ಮಾಡಿತು. ತಾಪಮಾನ ಏರಿಕೆ 1.5ರಿಂದ 2 ಡಿಗ್ರಿಗೆ ನಿಂತರೂ 2100ರ ಹೊತ್ತಿಗೆ ಗಾತ್ರದ ಶೇ 30ರಿಂದ 50 ಹೋಗುತ್ತದೆ. ಈಗಿನ ದಾರಿಯಲ್ಲೇ ಹೋದರೆ ನಷ್ಟ ಶೇ 80ರವರೆಗೆ.

ದಾಸ್ತಾನಿನ ದರ

ಹಿಮನದಿಯ ಉಪಯೋಗ ನೀರಿನ ಮೊತ್ತಕ್ಕಿಂತ ಅದರ ಸಮಯದಲ್ಲಿದೆ. ಚಳಿಗಾಲದಲ್ಲಿ ಬಿದ್ದದ್ದನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಬಿಡುತ್ತದೆ, ಮಳೆ ಕೈಕೊಟ್ಟ ವರ್ಷ ಹಳೆಯ ದಾಸ್ತಾನಿನಿಂದ ತುಂಬಿಕೊಡುತ್ತದೆ. ಈ ಕೆಲಸವನ್ನು ಕೃಷ್ಣಾ ಕಣಿವೆಯಲ್ಲಿ ಅಣೆಕಟ್ಟುಗಳು ಮಾಡುತ್ತವೆ, ಅದರ ದರವೂ ಇಲ್ಲೇ ಸಿಗುತ್ತದೆ. ಆಲಮಟ್ಟಿಯ ನೀರಿನ ಮಟ್ಟವನ್ನು 519.6ರಿಂದ 524.256 ಮೀಟರಿಗೆ ಏರಿಸಿ 130 ಟಿಎಂಸಿ ಅಡಿ ಬಳಸಿಕೊಳ್ಳುವ ಕೃಷ್ಣಾ ಮೇಲ್ದಂಡೆ ಮೂರನೇ ಹಂತದಲ್ಲಿ ಮುಳುಗುವ ಜಮೀನು 75,563 ಎಕರೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ನಿಗದಿ ಮಾಡಿತು. ಮುಳುಗಡೆ, ಕಾಲುವೆ, ಪುನರ್ವಸತಿ ಎಲ್ಲ ಸೇರಿ ಭೂಸ್ವಾಧೀನಕ್ಕೆ ಸುಮಾರು 70,000 ಕೋಟಿ ರೂಪಾಯಿ ಎಂದು ಅಂದಾಜಿಸಿತು. ಅಂದರೆ ಪ್ರತಿ ಟಿಎಂಸಿ ಅಡಿಗೆ 581 ಎಕರೆ ಮುಳುಗಡೆ ಮತ್ತು 538 ಕೋಟಿ ರೂಪಾಯಿ.

ಹಿಮಾಲಯದ ಕೆಳಗಿನ ರಾಜ್ಯಗಳು ಮಂಜಿನ ಜಾಗಕ್ಕೆ ಜಲಾಶಯ ಕಟ್ಟಬೇಕಾದರೆ ಭೂಮಿಯ ಬೆಲೆ, ಕಣಿವೆಯ ಆಕಾರ, ಭೂಕಂಪದ ಅಪಾಯ ಬೇರೆ ಇರುತ್ತವೆ. ದರವೂ ಬೇರೆ ಆಗುತ್ತದೆ. ಆದರೆ ಅದು ಸೊನ್ನೆಯಾಗದು. ಆ ಲೆಕ್ಕಕ್ಕೆ ಮೊದಲು ಬೇಕಾದದ್ದು ದಾಸ್ತಾನು ಎಷ್ಟೆಂಬ ಮಾಹಿತಿ. ಭಾರತದ 9,575 ಹಿಮನದಿಗಳಲ್ಲಿ ಬಿದಿರು ಗಳ ನೆಟ್ಟು ಜಮಾ–ಖರ್ಚು ಬರೆದವು ಕೆಲವೇ ಹತ್ತು. ಉಳಿದ ಶೇ 99ಕ್ಕೂ ಹೆಚ್ಚಿನವುಗಳ ದಪ್ಪ ಮತ್ತು ನಷ್ಟವನ್ನು ವೇಗ, ಇಳಿಜಾರುಗಳಿಂದ, ಉಪಗ್ರಹದ ಮೂಲಕವೇ ಲೆಕ್ಕ ಹಾಕಬೇಕಿದೆ.